ಡ್ಯೂಟಿ ಚಾರ್ಟಿನ ಕೊನೆಯ ಕಾಲಂ

ಪ್ರತಿ ಶನಿವಾರ ಮಧ್ಯಾಹ್ನ ಮೂರೂವರೆಗೆ, ಊಟದ ಗದ್ದಲ ಇಳಿದ ಮೇಲೆ, ಮುಂದಿನ ವಾರದ ಡ್ಯೂಟಿ ಚಾರ್ಟ್ ಬರೆಯಲು ಕೂರುತ್ತೇನೆ. ಬೆಂಗಳೂರಿನ ಮಧ್ಯಮ ಗಾತ್ರದ ಹೋಟೆಲೊಂದರ ಅಡುಗೆಮನೆ ನನ್ನ ಉಸ್ತುವಾರಿಯಲ್ಲಿದೆ. ಒಟ್ಟು 34 ಜನ, ಅದರಲ್ಲಿ ಹೆಣ್ಣುಮಕ್ಕಳು 9. ಯಾರು ತಂದೂರಿಗೆ, ಯಾರು ಸಲಾಡಿಗೆ, ಯಾರಿಗೆ ಬೆಳಗಿನ ತಿಂಡಿ, ಯಾರಿಗೆ ಯಾವತ್ತು ವಾರದ ರಜೆ, ಎಲ್ಲ ಆ ಒಂದು ಹಾಳೆಯಲ್ಲಿರುತ್ತದೆ. ಹೋಟೆಲಿನಲ್ಲಿ ಹೆಣ್ಣುಮಕ್ಕಳು ಮೇಲೆ ಬರುತ್ತಾರೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಹಾಳೆಯ ಮೇಲೇ. ಹದಿನೇಳು ವರ್ಷ ಒಲೆಯ ಮುಂದೆ ನಿಂತು ಕಂಡುಕೊಂಡ ಮಾತಿದು.

ನಮ್ಮದು ಕುಂದಾಪುರದ ಕಡೆ. ಮನೆಗೊಬ್ಬರಂತೆ ಗಂಡುಮಕ್ಕಳು ಬೆಂಗಳೂರಿಗೋ ಮುಂಬೈಗೋ ಹೋಗಿ ಹೋಟೆಲ್ ಸೇರಿದ ಸೀಮೆ. 1924ರಲ್ಲಿ ಎಂ.ಟಿ.ಆರ್. ಶುರು ಮಾಡಿದ ಮಯ್ಯ ಸಹೋದರರ ಪಾರಂಪಳ್ಳಿ ನಮ್ಮಲ್ಲಿಂದ ಹೆಚ್ಚು ದೂರವಿಲ್ಲ. ಅಪ್ಪಯ್ಯ ಹದಿನಾಲ್ಕನೇ ವಯಸ್ಸಿಗೆ ಲೋಟ ತೊಳೆಯಲು ಸೇರಿ, ಸಪ್ಲಾಯರ್ ಆಗಿ, ಕೊನೆಗೆ ದೋಸೆ ಕಾವಲಿಯ ಮುಂದೆ ನಿಂತವರು. ಮನೆಯ ಒಲೆ ಹೆಂಗಸರದ್ದು, ಹೋಟೆಲಿನ ಒಲೆ ಭಟ್ಟರದ್ದು. ಪಿಯುಸಿ ಮುಗಿಸಿ ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದಾಗ ಅಮ್ಮ, "ಹೆಣ್ ಮಕ್ಳ್ ಹೋಟ್ಲ್ ಕೆಲ್ಸಕ್ಕ್ ಹೋಪ್ದಾ?" ಎಂದರು. ಅಪ್ಪಯ್ಯ ಮಾತಾಡಲಿಲ್ಲ. ಮರುದಿನ ಬ್ಯಾಂಕಿಗೆ ಹೋಗಿ ಫೀಸಿನ ಡಿ.ಡಿ. ತೆಗೆಸಿಕೊಂಡು ಬಂದರು.

ಕಾಲೇಜಿನಲ್ಲಿ ನಮ್ಮ ಪಠ್ಯ 'ಮಾಡರ್ನ್ ಕುಕರಿ'. ಬರೆದವರು ತಂಗಂ ಫಿಲಿಪ್. ಮುಂಬೈ ದಾದರಿನ ಹೋಟೆಲ್ ಶಿಕ್ಷಣ ಸಂಸ್ಥೆಯ ಪ್ರಾಂಶುಪಾಲರಾಗಿದ್ದವರು, 1976ರಲ್ಲಿ ಪದ್ಮಶ್ರೀ ಪಡೆದವರು. ಈ ದೇಶದ ಎಷ್ಟೋ ಗಂಡು ಶೆಫ್‌ಗಳು ಒಬ್ಬ ಹೆಂಗಸು ಬರೆದಿಟ್ಟ ಅಳತೆ ನೋಡಿ ಅಡುಗೆ ಕಲಿತರಲ್ಲ ಎಂಬುದು ನನಗೆ ಆಗ ದೊಡ್ಡ ಧೈರ್ಯ.

2008ರಲ್ಲಿ ಕೆಲಸಕ್ಕೆ ಸೇರಿದೆ. ದೊಡ್ಡ ಹೋಟೆಲಿನ ಅಡುಗೆಮನೆಗೆ ಮೆಟ್ಟಿಲುಗಳಿವೆ. ಕೆಳಗೆ ಕಾಮಿ, ಅದರಲ್ಲೇ ಮೂರು ದರ್ಜೆ. ಮೇಲೆ ಒಂದೊಂದು ವಿಭಾಗ ನೋಡಿಕೊಳ್ಳುವ ಶೆಫ್ ಡಿ ಪಾರ್ಟಿ. ಆಮೇಲೆ ಸೂ ಶೆಫ್. ತುದಿಯಲ್ಲಿ ಎಕ್ಸಿಕ್ಯುಟಿವ್ ಶೆಫ್. ನನ್ನನ್ನು ಕೋಲ್ಡ್ ಕಿಚನ್‌ಗೆ, ಅಂದರೆ ಸಲಾಡ್, ಹಣ್ಣು, ಸ್ಯಾಂಡ್‌ವಿಚ್ ಮಾಡುವ ಕಡೆಗೆ ಹಾಕಿದರು. ಆಮೇಲೆ ಬೇಕರಿಗೆ. "ಕೈ ಸುಡೋದಿಲ್ಲ, ಸಂಜೆ ಬೇಗ ಮನೆಗೆ ಹೋಗಬಹುದಮ್ಮ" ಎಂದ ಹಿರಿಯರ ಮಾತಿನಲ್ಲಿ ಅಕ್ಕರೆಯೇ ಇತ್ತು. ಆದರೆ ನಾಲ್ಕು ವರ್ಷ ಕಳೆದ ಮೇಲೆ ನೋಡಿದರೆ, ನನ್ನ ಜೊತೆ ಸೇರಿದ ಹುಡುಗರು ಹಾಟ್ ರೇಂಜ್, ತಂದೂರು, ಮದುವೆಯ ಬ್ಯಾಂಕ್ವೆಟ್ ಎಲ್ಲ ದಾಟಿದ್ದರು. ಸೂ ಶೆಫ್ ಹುದ್ದೆಗೆ ಕರೆದಾಗ ಕೇಳುವ ಮೊದಲ ಪ್ರಶ್ನೆ, "ಸಾವಿರ ಜನರ ಬ್ಯಾಂಕ್ವೆಟ್ ನಡೆಸಿದ್ದೀರಾ?" ನಾನು ಕೇಕಿನ ಮೇಲೆ ಕ್ರೀಮ್ ಹಚ್ಚುತ್ತಿದ್ದೆ. ಬೇಕರಿ ಕೀಳೆಂದು ನಾನು ಹೇಳುತ್ತಿಲ್ಲ, ಅದು ಬಹಳ ಸೂಕ್ಷ್ಮದ ವಿದ್ಯೆ. ಆದರೆ ಅದು ನಾನು ಆರಿಸಿಕೊಂಡದ್ದಾಗಿರಲಿಲ್ಲ.

ಬೇಡಿ, ಕಾಡಿ ಹಾಟ್ ರೇಂಜಿಗೆ ಬಂದೆ. ಅಲ್ಲಿ ನಲವತ್ತು ಲೀಟರ್ ಸ್ಟಾಕ್ ಕುದಿಯುವ ಪಾತ್ರೆ. "ಇದನ್ನ ಎತ್ತೋದು ಹುಡುಗಿಯರ ಕೈಲಾಗಲ್ಲ" ಎಂದರು. ಎತ್ತುವ ಹುಡುಗರೆಲ್ಲ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೆ. ಮುಂದೆ ಅಡುಗೆಮನೆ ನನ್ನ ಕೈಗೆ ಬಂದಾಗ ಮೊದಲು ತರಿಸಿದ್ದು ಕೆಳಗಡೆ ನಲ್ಲಿ ಇರುವ ಸ್ಟಾಕ್ ಪಾತ್ರೆ, ಮೊಣಕಾಲೆತ್ತರದ ಒಲೆ, ಒಂದು ಗಾಲಿ ಟ್ರಾಲಿ. ಈಗ ಆ ಪಾತ್ರೆಯನ್ನು ಯಾರೂ ಎತ್ತುವುದಿಲ್ಲ.

ಇನ್ನೊಂದು ಆಕ್ಷೇಪ ನನ್ನ ದನಿಯ ಮೇಲೆ. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ತಟ್ಟೆ ದಾಟಿಸುವ ಕಟ್ಟೆಗೆ ನಾವು ಪಾಸ್ ಎನ್ನುತ್ತೇವೆ. ಆರ್ಡರ್ ಚೀಟಿ, ಅಂದರೆ ಕೆ.ಒ.ಟಿ., ಬರುವುದು ಅಲ್ಲಿಗೆ. ಅಲ್ಲಿ ನಿಂತು ಕೂಗುವವರೇ ಆ ರಾತ್ರಿಯ ನಾಯಕರು. "ನಿನ್ನ ದನಿ ಸಣ್ಣದು, ಎಕ್ಸಾಸ್ಟ್ ಫ್ಯಾನಿನ ಸದ್ದಲ್ಲಿ ಕೇಳಿಸಲ್ಲ" ಎಂದರು. ಅಲ್ಲಿ ಬೇಕಾದದ್ದು ಲೆಕ್ಕ ಎಂದು ಪಾಸ್‌ನಲ್ಲಿ ನಿಂತ ವಾರದಲ್ಲೇ ತಿಳಿಯಿತು. ಏಳನೇ ಟೇಬಲಿಗೆ ಪನೀರ್ ಟಿಕ್ಕಾ, ಅಂಜಲ್ ಫ್ರೈ, ಬೆಣ್ಣೆ ನಾನ್, ನೀರುದೋಸೆ ಎಂದಿಟ್ಟುಕೊಳ್ಳಿ. ಟಿಕ್ಕಾಕ್ಕೆ ಹನ್ನೆರಡು ನಿಮಿಷ, ಮೀನಿಗೆ ಎಂಟು, ನಾನ್‌ಗೆ ಎರಡು, ನೀರುದೋಸೆಗೆ ಒಂದು. ಮೊದಲು ಟಿಕ್ಕಾ ಕೂಗಿ, ನಾಲ್ಕು ನಿಮಿಷ ಬಿಟ್ಟು ಮೀನು, ಅದು ತಿರುವಿ ಹಾಕಿ ಇಳಿಸುವ ಹೊತ್ತಿಗೆ ನಾನ್, ತಟ್ಟೆ ಒರೆಸುವಾಗ ದೋಸೆ. ನಾಲ್ಕೂ ಬಿಸಿಯಾಗಿ ಒಟ್ಟಿಗೆ ಹೋಗಬೇಕು. ಹೀಗೆ ಇಪ್ಪತ್ತು ಟೇಬಲುಗಳ ಗಡಿಯಾರ ಒಂದೇ ತಲೆಯಲ್ಲಿ ಓಡುತ್ತಿರಬೇಕು. ಮಕ್ಕಳನ್ನು ಸ್ಕೂಲಿಗೆ ಕಳಿಸುವ ಯಾವ ತಾಯಿಗೂ ಈ ವಿದ್ಯೆ ಹೊಸತಲ್ಲ.

ಹೋಟೆಲಿನ ಒಡತಿಯರು ನಮ್ಮಲ್ಲಿದ್ದಾರೆ. 1990ರಲ್ಲಿ ತಂದೆಯ ಹತ್ಯೆಯಾದ ಮೇಲೆ ಪ್ರಿಯಾ ಪಾಲ್ ಪಾರ್ಕ್ ಹೋಟೆಲುಗಳನ್ನು ವಹಿಸಿಕೊಂಡರು. 1999ರಲ್ಲಿ ತಂದೆ ತೀರಿಕೊಂಡಾಗ ಹೇಮಮಾಲಿನಿ ಮಯ್ಯ ಎಂ.ಟಿ.ಆರ್. ಜವಾಬ್ದಾರಿ ಹೊತ್ತು, ಸೋದರರೊಂದಿಗೆ ಅದನ್ನು ಸಿಂಗಪುರದವರೆಗೂ ಒಯ್ದರು. ಬ್ಯಾಂಕಾಕಿನಲ್ಲಿ ತನ್ನದೇ ರೆಸ್ಟೋರೆಂಟ್ ತೆರೆದ ಗರಿಮಾ ಅರೋರಾ 2018ರಲ್ಲಿ ಮಿಷೆಲಿನ್ ಸ್ಟಾರ್ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಅವರೆಲ್ಲರ ಬಗ್ಗೆ ನನಗೆ ಗೌರವವಿದೆ. ಆದರೆ ಸಂಬಳಕ್ಕೆ ಸೇರಿ ಕಾಮಿಯಿಂದ ಹತ್ತುವ ಹುಡುಗಿಯ ದಾರಿ ಬೇರೆ. ಅವಳ ಕುರ್ಚಿ ಯಾರದೋ ಕೈಯ ಚಾರ್ಟಿನಲ್ಲಿರುತ್ತದೆ.

ಕಾನೂನೂ ಬಹಳ ಕಾಲ ಅಡ್ಡ ನಿಂತಿತ್ತು. ದೆಹಲಿಯಲ್ಲಿ ಜಾರಿಯಲ್ಲಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆ, ಮದ್ಯ ಕುಡಿಯುವ ಜಾಗದಲ್ಲಿ ಹೆಂಗಸರಿಗೆ ಕೆಲಸ ಕೊಡಬಾರದು ಎನ್ನುತ್ತಿತ್ತು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿಗೂ ಬಾರ್ ಬಾಗಿಲು ಮುಚ್ಚಿತ್ತು. ರಕ್ಷಣೆಯ ಹೆಸರಲ್ಲಿ ದುಡಿಯುವ ಹಕ್ಕು ಕಿತ್ತುಕೊಳ್ಳುವ ಆ ನಿಷೇಧವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಲಿಲ್ಲ. 2007ರಲ್ಲಿ, ಅನುಜ್ ಗರ್ಗ್ ಪ್ರಕರಣದಲ್ಲಿ, ಅದು ಬಿದ್ದುಹೋಯಿತು. ಕರ್ನಾಟಕ ಸರ್ಕಾರ 2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ, ವಾಣಿಜ್ಯ ಸಂಸ್ಥೆಗಳು ಹಗಲಿರುಳು ತೆರೆದಿರಲು ಅನುಮತಿ ಕೊಟ್ಟಾಗ, ರಾತ್ರಿ ಎಂಟರ ನಂತರ ಹೆಣ್ಣುಮಕ್ಕಳು ದುಡಿಯಲು ಅವರ ಲಿಖಿತ ಒಪ್ಪಿಗೆ ಬೇಕು, ವಾಹನದ ವ್ಯವಸ್ಥೆ ಬೇಕು ಎಂಬ ಷರತ್ತು ಹಾಕಿತು.

ಆ ವಾಹನವೇ ನನ್ನ ಚಾರ್ಟಿನ ಕೊನೆಯ ಕಾಲಂ. ನಾನು ಕಾಮಿಯಾಗಿದ್ದಾಗ ಅದು ಇರಲಿಲ್ಲ. ಹನ್ನೊಂದೂವರೆಗೆ ಡ್ಯೂಟಿ ಮುಗಿದರೆ ಕೊನೆಯ ಬಸ್ಸು ಹೋಗಿರುತ್ತಿತ್ತು. ಆಟೋದವರು ಕೇಳಿದ್ದು ಕೊಟ್ಟರೆ ಅವತ್ತಿನ ಸಂಬಳದಲ್ಲಿ ಅರ್ಧ ಹೋಯಿತು. ನನ್ನ ಜೊತೆಗಿದ್ದ ಇಬ್ಬರು ಹುಡುಗಿಯರು ಕೆಲಸ ಬಿಟ್ಟದ್ದು ಬೆಂಕಿಗೆ ಹೆದರಿ ಅಲ್ಲ, ಆ ಹನ್ನೊಂದೂವರೆಗೆ ಹೆದರಿ. ಈಗ ರಾತ್ರಿ ಪಾಳಿಯ ಪ್ರತಿ ಹೆಸರಿನ ಮುಂದೆ ಗಾಡಿಯ ನಂಬರು, ಡ್ರೈವರ್ ಫೋನು ಬರೆದ ಮೇಲೆಯೇ ನಾನು ಸಹಿ ಹಾಕುವುದು.

ಹೋದ ತಿಂಗಳು ಶಿರಸಿ ಕಡೆಯ ಹುಡುಗಿಯೊಬ್ಬಳು, ಒಂದೂವರೆ ವರ್ಷದಿಂದ ಬೇಕರಿಯಲ್ಲಿದ್ದವಳು, ಬಂದು ನಿಂತಳು. "ಶೆಫ್, ನನಗೆ ತಂದೂರು ಕೊಡಿ." ಅವಳ ತಂದೆ ಫೋನ್ ಮಾಡಿದರು, ಗಾಡಿಯ ನಂಬರು ಬರೆದುಕೊಂಡರು. ಕಳೆದ ಶನಿವಾರ ಹೌಸ್‌ಫುಲ್. ಮೊದಲ ನಾಲ್ಕು ನಾನ್ ಒಲೆಯೊಳಗೇ ಬಿದ್ದವು. ಐದನೆಯದು ಗೋಡೆಗೆ ಹಿಡಿದುಕೊಂಡಿತು. ಹತ್ತು ಗಂಟೆಯ ಹೊತ್ತಿಗೆ ಅವಳ ಕೈ ಸರಾಗವಾಗಿ ಒಳಹೊರಗೆ ಆಡುತ್ತಿತ್ತು, ಮಣಿಕಟ್ಟಿನ ಮೇಲೆ ಒಂದು ಕೆಂಪು ಗೆರೆ ಎದ್ದಿತ್ತು. ಹನ್ನೆರಡೂಕಾಲಿಗೆ ಬರ್ನಾಲ್ ಹಚ್ಚಿ ಗಾಡಿ ಹತ್ತಿಸಿದೆ. ಹನ್ನೆರಡು ಐವತ್ತಕ್ಕೆ ಮೆಸೇಜ್ ಬಂತು: "ರೂಮ್ ಮುಟ್ಟಿದೆ ಶೆಫ್. ನಾಳೆನೂ ತಂದೂರೇ ಅಲ್ವಾ?"