ಕರೆಂಟು ಹೋದರೂ ಲೆಕ್ಕ ತಪ್ಪದ ಎಸ್‌ಕ್ಯೂಲೈಟ್

ಯುದ್ಧನೌಕೆಗೆ ಪೆಟ್ಟು ಬಿದ್ದು ಒಳಗಿನ ಕೊಳವೆಯೊಂದು ಒಡೆದರೆ ಮೊದಲು ಯಾವ ಕವಾಟ ಮುಚ್ಚಬೇಕು? ಯಾವುದನ್ನು ತೆರೆದರೆ ಬೆಂಕಿ ಆರಿಸುವ ನೀರು ಬೇರೆ ದಾರಿಯಿಂದ ಹರಿದೀತು? 2000ನೇ ಇಸವಿಯಲ್ಲಿ ಅಮೆರಿಕ ನೌಕಾಪಡೆಯ ‘ಆಸ್ಕರ್ ಆಸ್ಟಿನ್’ ಎಂಬ ಕ್ಷಿಪಣಿ ನೌಕೆಗಾಗಿ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ತಂತ್ರಾಂಶ ಸಿದ್ಧವಾಗುತ್ತಿತ್ತು. ಅದನ್ನು ಬರೆಯುತ್ತಿದ್ದವರಲ್ಲಿ ಡಿ. ರಿಚರ್ಡ್ ಹಿಪ್ ಒಬ್ಬರು. ಬೇಕಾದ ವಿವರಗಳೆಲ್ಲ ಇನ್‌ಫಾರ್ಮಿಕ್ಸ್ ಎಂಬ ದೊಡ್ಡ ಡೇಟಾಬೇಸ್‌ನಲ್ಲಿದ್ದವು. ಅದು ಕೆಲಸ ಮಾಡಬೇಕಾದರೆ ಪ್ರತ್ಯೇಕ ಸರ್ವರ್ ಸದಾ ಓಡುತ್ತಿರಬೇಕು. ಸರ್ವರ್ ನಿಂತಿತೆಂದರೆ ಹಿಪ್ ಅವರ ತಂತ್ರಾಂಶ ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲವೆಂದು ಹೇಳಿ ಸುಮ್ಮನಾಗುತ್ತಿತ್ತು. ಹಡಗು ಆಪತ್ತಿನಲ್ಲಿದ್ದಾಗಲೇ ಬೇಕಾಗುವ ಉಪಕರಣ ಆಪತ್ತಿನಲ್ಲೇ ಕೈಕೊಡುವುದು ಸಲ್ಲದು.

ಮಾಹಿತಿ ಇರುವುದು ಇದೇ ಯಂತ್ರದ ಡಿಸ್ಕ್‌ನಲ್ಲಿ, ಅದನ್ನು ಕೇಳುತ್ತಿರುವ ತಂತ್ರಾಂಶ ಇರುವುದೂ ಇಲ್ಲೇ. ಹಾಗಿದ್ದ ಮೇಲೆ ನಡುವೆ ಸರ್ವರ್ ಏಕೆ ಎಂದು ಹಿಪ್ ಯೋಚಿಸಿದರು. ಆ ಯೋಚನೆಯಿಂದ ಹುಟ್ಟಿದ್ದು ಸರ್ವರ್ ಬೇಡದ ಡೇಟಾಬೇಸ್ ಎಸ್‌ಕ್ಯೂಲೈಟ್. ಮೊದಲ ಆವೃತ್ತಿ ಹೊರಬಿದ್ದದ್ದು 2000ದ ಆಗಸ್ಟ್ 17ರಂದು. ಇವತ್ತು ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲಿ, ಪ್ರತಿಯೊಂದು ಐಫೋನಿನಲ್ಲಿ ಅದಿದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ನೀವು ನೋಡಿದ ಜಾಲತಾಣಗಳ ಪಟ್ಟಿಯನ್ನು ಅದರಲ್ಲೇ ಇಡುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಸಂದೇಶಗಳು ಕೂತಿರುವುದೂ ಅದರಲ್ಲೇ. ಏರ್‌ಬಸ್ ಎ350 ವಿಮಾನದ ತಂತ್ರಾಂಶದಲ್ಲೂ ಅದಕ್ಕೆ ಜಾಗ ಸಿಕ್ಕಿದೆ.

ಇಡೀ ಡೇಟಾಬೇಸ್ ಒಂದೇ ಕಡತ

ಎಸ್‌ಕ್ಯೂಲೈಟನ್ನು ಬೇರೆಯಾಗಿ ಅಳವಡಿಸಬೇಕಿಲ್ಲ, ನೋಡಿಕೊಳ್ಳಲು ಆಳು ಬೇಕಿಲ್ಲ. ಅದು ಆ್ಯಪ್‌ನ ಒಳಗೇ ಸೇರಿಕೊಂಡಿರುವ ಒಂದು ಭಾಗ. ಎಷ್ಟೇ ಕೋಷ್ಟಕಗಳಿರಲಿ, ಎಷ್ಟೇ ಸಾಲುಗಳಿರಲಿ, ಎಲ್ಲವೂ ಒಂದೇ ಕಡತದಲ್ಲಿ ಕೂರುತ್ತವೆ. ಆ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಬಗೆಯ ಕಂಪ್ಯೂಟರಿನಲ್ಲಿ ತೆರೆದರೂ ಹಾಗೆಯೇ ತೆರೆದುಕೊಳ್ಳುತ್ತದೆ.

ಕಡತದ ಒಳಗೆ ಸಮನಾದ ಪುಟಗಳಿವೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4,096 ಬೈಟ್. ಈ ಪುಟಗಳನ್ನು ಪರಸ್ಪರ ಜೋಡಿಸುವ ಬಗೆಗೆ ‘ಬಿ-ಟ್ರೀ’ ಎಂದು ಹೆಸರು. ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ಕಂಡುಕೊಂಡ ರಚನೆ ಇದು. ಅಂಚೆಯವರು ಪತ್ರವನ್ನು ಮೊದಲು ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಊರಿಗೆ ವಿಂಗಡಿಸುವಂತೆ, ಮೇಲಿನ ಪುಟ ಯಾವ ಕೆಳಪುಟಕ್ಕೆ ಹೋಗಬೇಕೆಂದು ತೋರಿಸುತ್ತದೆ. ಒಂದು ಪುಟದಲ್ಲಿ 400 ಕೆಳಪುಟಗಳ ವಿಳಾಸ ಹಿಡಿಸುತ್ತದೆ ಎಂದಿಟ್ಟುಕೊಳ್ಳಿ. ಎರಡು ಹಂತ ಇಳಿದರೆ 1,60,000 ಪುಟಗಳು ಕೈಗೆಟುಕುತ್ತವೆ. ಮೂರು ಹಂತ ಇಳಿದರೆ 6 ಕೋಟಿ 40 ಲಕ್ಷ. ಅಷ್ಟು ದೊಡ್ಡ ರಾಶಿಯಲ್ಲೂ ಬೇಕಾದ ಸಾಲನ್ನು ಹಿಡಿಯಲು ನಾಲ್ಕೇ ಪುಟ ಓದಿದರೆ ಸಾಕು.

ಅರ್ಧ ಬರೆದಾಗ ಕರೆಂಟು ಹೋದರೆ?

ಹುಡುಕುವುದು ಸುಲಭದ ಭಾಗ. ಬರೆಯುತ್ತಿರುವಾಗಲೇ ಬ್ಯಾಟರಿ ಸತ್ತರೆ ಏನಾಗಬೇಕು ಎಂಬುದು ಕಷ್ಟದ ಭಾಗ. ಒಂದು ಖಾತೆಯಿಂದ 500 ರೂಪಾಯಿ ಕಳೆದು ಇನ್ನೊಂದಕ್ಕೆ ಸೇರಿಸಬೇಕು. ಕಳೆದಾಯಿತು, ಸೇರಿಸುವ ಮೊದಲೇ ಯಂತ್ರ ಆರಿತು. ಈಗ 500 ರೂಪಾಯಿ ಯಾರ ಬಳಿಯೂ ಇಲ್ಲ. ಇಂಥದ್ದು ಆಗದಿರಲು ಡೇಟಾಬೇಸ್ ಒಂದು ನಿಯಮ ಪಾಲಿಸಬೇಕು: ವಹಿವಾಟು ಪೂರ್ತಿ ನಡೆಯಬೇಕು, ಇಲ್ಲವೇ ನಡೆದೇ ಇಲ್ಲವೆಂಬಂತೆ ಇರಬೇಕು.

ಎಸ್‌ಕ್ಯೂಲೈಟ್ ಇದನ್ನು ಸಾಧಿಸುವ ಕ್ರಮ ಹೀಗಿದೆ. ಪುಟವೊಂದನ್ನು ತಿದ್ದುವ ಮೊದಲು ಅದರ ಹಳೆಯ ರೂಪವನ್ನು ‘ಜರ್ನಲ್’ ಎಂಬ ಪ್ರತ್ಯೇಕ ಕಡತಕ್ಕೆ ನಕಲು ಮಾಡುತ್ತದೆ. ಬರೆದದ್ದೆಲ್ಲ ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿ ನಿಲ್ಲುವುದು ವಾಡಿಕೆ. ಆದ್ದರಿಂದ ಆ ನಕಲು ನಿಜಕ್ಕೂ ಡಿಸ್ಕ್‌ಗೆ ಇಳಿಯುವ ತನಕ ಕಾಯುತ್ತದೆ. ಆಮೇಲೆ ಮೂಲ ಕಡತವನ್ನು ತಿದ್ದುತ್ತದೆ, ಅದೂ ಡಿಸ್ಕ್‌ಗೆ ಇಳಿಯಲೆಂದು ಮತ್ತೆ ಕಾಯುತ್ತದೆ. ಕೊನೆಗೆ ಜರ್ನಲನ್ನು ಅಳಿಸುತ್ತದೆ. ಅಳಿಸಿದ ಆ ಕ್ಷಣವೇ ವಹಿವಾಟು ಮುಗಿದ ಕ್ಷಣ. ಅದಕ್ಕೂ ಮೊದಲು ಕರೆಂಟು ಹೋಗಿದ್ದರೆ, ಮುಂದಿನ ಸಲ ಕಡತ ತೆರೆದಾಗ ಅಳಿಯದೆ ಉಳಿದ ಜರ್ನಲ್ ಕಣ್ಣಿಗೆ ಬೀಳುತ್ತದೆ. ಅದರಲ್ಲಿರುವ ಹಳೆಯ ಪುಟಗಳು ಸ್ವಸ್ಥಾನಕ್ಕೆ ಮರಳುತ್ತವೆ, 500 ರೂಪಾಯಿ ಮೊದಲಿನ ಖಾತೆಯಲ್ಲೇ ಇರುತ್ತದೆ. ಒಬ್ಬರು ಬರೆಯುತ್ತಿರುವಾಗ ಉಳಿದವರು ಓದಲು ಅನುವಾಗುವ ಇನ್ನೊಂದು ವಿಧಾನ 2010ರಲ್ಲಿ ಸೇರಿತು. ಅಲ್ಲಿ ಹೊಸ ಪುಟಗಳನ್ನೇ ಪಕ್ಕದ ಕಡತದಲ್ಲಿ ಬರೆದು, ಬಿಡುವಾದಾಗ ಮೂಲಕ್ಕೆ ಸೇರಿಸಲಾಗುತ್ತದೆ.

ಇದಕ್ಕೊಂದು ಮಿತಿಯೂ ಇದೆ. ಒಂದು ಕಡತಕ್ಕೆ ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ಸಾವಿರಾರು ಜನ ಒಟ್ಟಿಗೆ ಟಿಕೆಟ್ ಕಾದಿರಿಸುವ ವ್ಯವಸ್ಥೆಗೆ ಪೋಸ್ಟ್‌ಗ್ರೆಸ್‌ನಂಥ, ಸರ್ವರ್ ಸಹಿತವಾದ ಮುಕ್ತ ಡೇಟಾಬೇಸ್‌ಗಳೇ ತಕ್ಕವು.

ಬೇಕೆಂದೇ ಕೆಡಿಸುವ ಪರೀಕ್ಷೆ

ಈ ಕ್ರಮ ಕಾಗದದ ಮೇಲೆ ಸರಿ. ನಿಜದಲ್ಲೂ ಸರಿ ಎಂದು ಗೊತ್ತಾಗುವುದು ಹೇಗೆ? ನನ್ನ ದೃಷ್ಟಿಯಲ್ಲಿ ಎಸ್‌ಕ್ಯೂಲೈಟ್‌ನ ದೊಡ್ಡತನ ಇರುವುದು ಈ ಪ್ರಶ್ನೆಗೆ ಅದು ಕೊಟ್ಟ ಉತ್ತರದಲ್ಲಿ. ಮೂಲ ತಂತ್ರಾಂಶ ಸುಮಾರು ಒಂದೂವರೆ ಲಕ್ಷ ಸಾಲು. ಅದನ್ನು ಪರೀಕ್ಷಿಸಲೆಂದೇ ಬರೆದ ಸಾಲುಗಳು ಒಂಬತ್ತು ಕೋಟಿಗೂ ಹೆಚ್ಚು, ಅಂದರೆ ಸುಮಾರು 590 ಪಟ್ಟು.

ಪರೀಕ್ಷೆಗಳ ಸ್ವಭಾವ ನೋಡಿ. ತಂತ್ರಾಂಶ ಮೊದಲ ಸಲ ಮೆಮೊರಿ ಕೇಳಿದಾಗ ‘ಇಲ್ಲ’ ಎನ್ನುವಂತೆ ಮಾಡಿ, ಅದು ಹೇಗೆ ಚೇತರಿಸಿಕೊಳ್ಳುತ್ತದೆಂದು ನೋಡುತ್ತಾರೆ. ಮುಂದಿನ ಸುತ್ತಿನಲ್ಲಿ ಎರಡನೇ ಸಲ ಕೇಳಿದಾಗ, ಆಮೇಲೆ ಮೂರನೇ ಸಲ. ಹೀಗೆ ಒಂದು ಕೆಲಸದಲ್ಲಿ ಎಲ್ಲೆಲ್ಲಿ ವಿಫಲತೆ ಸಾಧ್ಯವೋ ಅಲ್ಲೆಲ್ಲ ವಿಫಲಗೊಳಿಸುತ್ತಾರೆ. ಡಿಸ್ಕ್ ಕೆಟ್ಟಂತೆ, ಅರ್ಧ ಬರೆದಾಗ ಕರೆಂಟು ಹೋದಂತೆ, ಬರೆದ ಪುಟಗಳು ಚೆಲ್ಲಾಪಿಲ್ಲಿಯಾದಂತೆ ಕೃತಕ ಸನ್ನಿವೇಶ ಹೂಡಿ, ಮತ್ತೆ ತೆರೆದಾಗ ಕಡತ ನೆಟ್ಟಗಿದೆಯೇ ಎಂದು ತಾಳೆ ನೋಡುತ್ತಾರೆ. ವಿಮಾನಗಳ ತಂತ್ರಾಂಶಕ್ಕೆ ಡಿಒ-178ಬಿ ಎಂಬ ಕಟ್ಟುನಿಟ್ಟಿನ ಮಾನದಂಡವಿದೆ. ತಂತ್ರಾಂಶದಲ್ಲಿ ದಾರಿ ಕವಲೊಡೆಯುವ ಪ್ರತಿ ಜಾಗದಲ್ಲೂ ಎರಡೂ ಕವಲು ಪರೀಕ್ಷೆಯಾಗಬೇಕು, ಆ ಕವಲನ್ನು ನಿರ್ಧರಿಸುವ ಪ್ರತಿ ಷರತ್ತೂ ಪರೀಕ್ಷೆಯಾಗಬೇಕು ಎಂಬ ಅದರ ಬೇಡಿಕೆಯನ್ನು ಯಾರೂ ಒತ್ತಾಯಿಸದಿದ್ದರೂ ಎಸ್‌ಕ್ಯೂಲೈಟ್‌ನ ಪುಟ್ಟ ತಂಡ ತಾನಾಗಿ ಹೊತ್ತುಕೊಂಡಿತು.

ಇಷ್ಟಾದರೂ ದೋಷಗಳು ಸಿಕ್ಕಿವೆ. 2018ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿಯ ಭದ್ರತಾ ಸಂಶೋಧಕರು ಕ್ರೋಮ್ ಬ್ರೌಸರಿಗೂ ಅಪಾಯ ತರಬಲ್ಲ ದೋಷಗಳನ್ನು ಎಸ್‌ಕ್ಯೂಲೈಟ್‌ನಲ್ಲಿ ಪತ್ತೆ ಮಾಡಿದರು. ಅವುಗಳನ್ನು ಸರಿಪಡಿಸಲಾಯಿತು. ತಂತ್ರಾಂಶಕ್ಕೆ ಅಸಂಬದ್ಧ ಆದೇಶಗಳನ್ನು ಹಗಲಿರುಳು ಕೋಟಿಗಟ್ಟಲೆ ಉಣಿಸಿ ಎಲ್ಲಿ ಎಡವುತ್ತದೆಂದು ನೋಡುವ ಪರೀಕ್ಷೆ ಈಗ ನಿರಂತರವಾಗಿ ನಡೆಯುತ್ತದೆ. ತಂತ್ರಾಂಶದ ಮೂಲ ಎಲ್ಲರ ಕಣ್ಣಿಗೂ ತೆರೆದಿರುವುದರಿಂದ ಹೊರಗಿನವರು ಒಳಹೊಕ್ಕು ಶೋಧಿಸಬಹುದು. ಸಿಕ್ಕಿದ್ದನ್ನು ತಿದ್ದಿ, ಅದೇ ತಪ್ಪು ಮರುಕಳಿಸದಂತೆ ಪರೀಕ್ಷೆಗೆ ಸೇರಿಸುವವರು ಒಳಗಿದ್ದಾರೆ. ಎರಡೂ ಕೂಡಿದಾಗಲೇ ಭದ್ರತೆ.

ಒಡೆತನ ಬಿಟ್ಟುಕೊಟ್ಟವರು

ಮುಕ್ತ ತಂತ್ರಾಂಶಗಳಿಗೂ ಪರವಾನಗಿ ಇರುತ್ತದೆ: ಬಳಸಿ, ತಿದ್ದಿ, ಆದರೆ ಈ ಷರತ್ತು ಪಾಲಿಸಿ ಎಂದು. ಎಸ್‌ಕ್ಯೂಲೈಟ್‌ಗೆ ಅದೂ ಇಲ್ಲ. ಅದನ್ನು ಬರೆದವರು ಹಕ್ಕನ್ನೇ ಬಿಟ್ಟುಕೊಟ್ಟು ಸಾರ್ವಜನಿಕ ಸ್ವತ್ತಾಗಿಸಿದ್ದಾರೆ. ಪರವಾನಗಿ ಇರಬೇಕಾದ ಜಾಗದಲ್ಲಿ, ಒಳ್ಳೆಯದನ್ನು ಮಾಡಿ, ಕೊಟ್ಟದ್ದಕ್ಕಿಂತ ಹೆಚ್ಚು ಪಡೆಯಬೇಡಿ ಎಂಬರ್ಥದ ಪುಟ್ಟ ಹಾರೈಕೆಯಿದೆ. ಈ ಸ್ವಾತಂತ್ರ್ಯ ಕಾಪಾಡಲು ಅವರು ಹೊರಗಿನವರ ಕೊಡುಗೆಯನ್ನು ಸುಲಭಕ್ಕೆ ಒಪ್ಪುವುದಿಲ್ಲ. ಬರೆಯುವ ಪ್ರತಿಯೊಬ್ಬರೂ ಹಕ್ಕು ತ್ಯಜಿಸಿದ್ದಕ್ಕೆ ಸಹಿ ಮಾಡಿದ ಪತ್ರ ಕೊಡಬೇಕು.

ಹಾಗಾದರೆ ಹೊಟ್ಟೆಪಾಡು? ಬಳಸುವ ದೊಡ್ಡ ಕಂಪನಿಗಳು ಒಕ್ಕೂಟ ಮಾಡಿಕೊಂಡು ವಾರ್ಷಿಕ ಹಣ ನೀಡುತ್ತವೆ. ತಾಂತ್ರಿಕ ನೆರವಿನಿಂದಲೂ, ಮುಕ್ತವಾಗಿಡದ ಒಂದು ವಿಶೇಷ ಪರೀಕ್ಷಾ ಸಾಮಗ್ರಿಯ ಮಾರಾಟದಿಂದಲೂ ಆದಾಯವಿದೆ. 2050ರ ತನಕ ನೋಡಿಕೊಳ್ಳುತ್ತೇವೆ, ಹಳೆಯ ಕಡತಗಳು ಓದಲು ಬರುವಂತೆ ಉಳಿಸುತ್ತೇವೆ ಎಂದು ತಂಡ ಮಾತು ಕೊಟ್ಟಿದೆ. 2004ರಲ್ಲಿ ಬಂದ ಮೂರನೇ ಆವೃತ್ತಿಯ ಕಡತ ಇವತ್ತಿಗೂ ತೆರೆಯುತ್ತದೆ. ದತ್ತಾಂಶವನ್ನು ದೀರ್ಘಕಾಲ ಕಾಪಿಡಲು ತಕ್ಕ ರೂಪಗಳ ಪಟ್ಟಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನೂ ಸೇರಿಸಿದೆ. ಭೂಪಟ ರಚಿಸುವವರ ಮೆಚ್ಚಿನ ಮುಕ್ತ ತಂತ್ರಾಂಶ ಕ್ಯೂಜಿಐಎಸ್ ಬಳಸುವ ‘ಜಿಯೊಪ್ಯಾಕೇಜ್’ ಕೂಡ ಮೂಲತಃ ಎಸ್‌ಕ್ಯೂಲೈಟ್ ಕಡತವೇ.

ಕನ್ನಡದ ‘ಕಾಡು’ ಹುಡುಕುವಾಗ

ಕನ್ನಡಕ್ಕೆ ಇದರಲ್ಲಿ ನೇರ ಕೆಲಸವಿದೆ. ಎಸ್‌ಕ್ಯೂಲೈಟ್‌ನಲ್ಲಿ ಎಫ್‌ಟಿಎಸ್5 ಎಂಬ ಪಠ್ಯ ಹುಡುಕುವ ಭಾಗವುಂಟು. ಅದು ಬರಹವನ್ನು ಪದಗಳಾಗಿ ಕತ್ತರಿಸಿ ಸೂಚಿ ಮಾಡಿಕೊಳ್ಳುತ್ತದೆ. ಯಾವುದನ್ನೂ ಬದಲಿಸದೆ ಬಳಸಿದರೆ, ಲಿಪಿಗಳ ಸಂಕೇತ ಪದ್ಧತಿಯಾದ ಯೂನಿಕೋಡ್ ‘ಅಕ್ಷರ’ ಮತ್ತು ‘ಅಂಕಿ’ ಎಂದು ಗುರುತಿಸಿದವು ಮಾತ್ರ ಪದದ ಭಾಗ. ಉಳಿದುದೆಲ್ಲ ಪದ ಮುರಿಯುವ ಜಾಗ. ಯೂನಿಕೋಡ್‌ನಲ್ಲಿ ನಮ್ಮ ಕಾಗುಣಿತದ ಗುರುತುಗಳೂ ಒತ್ತಕ್ಷರ ಮಾಡುವ ಗುರುತೂ ಬೇರೆಯೇ ವರ್ಗಗಳಲ್ಲಿವೆ. ಪರಿಣಾಮವಾಗಿ ‘ಕಾಡು’ ಎಂಬುದು ‘ಕ’, ‘ಡ’ ಎಂಬ ಎರಡು ತುಂಡಾಗುತ್ತದೆ. ‘ಕೇಡು’, ‘ಕೂಡು’, ‘ಕೋಡು’ ಕೂಡ ಅದೇ ಎರಡು ತುಂಡು. ಒಂದನ್ನು ಹುಡುಕಿದರೆ ಎಲ್ಲವೂ ಬಂದು ನಿಲ್ಲುತ್ತವೆ.

ಪರಿಹಾರ ಸಣ್ಣದು. ಸೂಚಿ ರಚಿಸುವಾಗ ಆ ಗುರುತುಗಳಿರುವ, ಯೂನಿಕೋಡ್‌ನ ‘ಎಂಎನ್’ ಮತ್ತು ‘ಎಂಸಿ’ ವರ್ಗಗಳನ್ನೂ ಪದದ ಭಾಗವೆಂದು ಪರಿಗಣಿಸಲು ಸೂಚಿಸಿದರೆ ‘ಕಾಡು’ ಇಡಿಯಾಗಿ ಉಳಿಯುತ್ತದೆ. ಕನ್ನಡ ನಿಘಂಟಿನ ಆ್ಯಪ್ ಮಾಡುವವರು ಇದನ್ನು ಗಮನಿಸಬೇಕು. ಇದಕ್ಕಿಂತ ದೊಡ್ಡ ಕೆಲಸ ಬಾಕಿಯಿದೆ: ‘ಕಾಡಿನಲ್ಲಿ’, ‘ಕಾಡಿಗೆ’ ಎಂಬುವು ‘ಕಾಡು’ ಪದದ ರೂಪಗಳೆಂದು ಗುರುತಿಸುವುದು. ಇಂಗ್ಲಿಷಿಗೆ ಅಂಥ ಸೌಲಭ್ಯ ಎಫ್‌ಟಿಎಸ್5ರ ಜೊತೆಯಲ್ಲೇ ಬರುತ್ತದೆ, ಕನ್ನಡಕ್ಕಿಲ್ಲ. ಆದರೆ ನಮ್ಮದೇ ಪದವಿಭಜಕ ಬರೆದು ಜೋಡಿಸುವ ದಾರಿಯನ್ನು ಅದು ತೆರೆದಿಟ್ಟಿದೆ. ವ್ಯಾಕರಣ ಬಲ್ಲವರೂ ತಂತ್ರಾಂಶ ಬಲ್ಲವರೂ ಜೊತೆಗೆ ಕೂತರೆ ಆಗುವ ಕೆಲಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಶಾಸನಗಳ ಪಟ್ಟಿ, ಸಸ್ಯಗಳ ದಾಖಲೆ, ಊರಿನ ಹೆಸರುಗಳ ಕೋಶ ಎಂದು ನಾಡಿನ ಅರಿವನ್ನು ಕಂಪ್ಯೂಟರಿಗೆ ಇಳಿಸುವ ಯಾರೇ ಆಗಲಿ, ತಂತ್ರಾಂಶ ಆರಿಸುವಾಗ ಪುಕ್ಕಟೆಯೇ ಎಂದಷ್ಟೇ ಕೇಳಿದರೆ ಸಾಲದು. ಕಡತದ ಒಳರಚನೆ ಬಹಿರಂಗವಾಗಿದೆಯೇ? ಅದು ಕೆಡದಂತೆ ಯಾರು, ಹೇಗೆ ಪರೀಕ್ಷಿಸುತ್ತಾರೆ? ಇಪ್ಪತ್ತು ವರ್ಷದ ಬಳಿಕವೂ ನೋಡಿಕೊಳ್ಳುವವರಿಗೆ ಸಂಬಳ ಎಲ್ಲಿಂದ ಬರುತ್ತದೆ? ಈ ಮೂರಕ್ಕೂ ನೇರ ಉತ್ತರ ಕೊಡುವ ತಂತ್ರಾಂಶವನ್ನು ನಂಬಿ ನಮ್ಮ ಅರಿವನ್ನು ಒಪ್ಪಿಸಬಹುದು. ಎಸ್‌ಕ್ಯೂಲೈಟ್ ಮೂರಕ್ಕೂ ಉತ್ತರ ಕೊಟ್ಟಿದೆ.