ಪರದೆಯ ಬಣ್ಣವನ್ನು ಎಷ್ಟು ನಂಬಬಹುದು?

ಬಟ್ಟೆ ಅಂಗಡಿಗೆ ಹೋದ ನಮ್ಮ ಹೆಣ್ಣುಮಕ್ಕಳು ಒಂದು ಕೆಲಸವನ್ನು ತಪ್ಪದೆ ಮಾಡುತ್ತಾರೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಸೀರೆ ಎಷ್ಟೇ ಚೆಂದ ಕಂಡರೂ ಸೆರಗು ಹಿಡಿದು ಬಾಗಿಲ ತನಕ ಬಂದು, ಬಿಸಿಲಿನಲ್ಲಿ ಒಮ್ಮೆ ನೋಡಿಯೇ ದುಡ್ಡು ಕೊಡುತ್ತಾರೆ. ಅಂಗಡಿಯವರು ನಕ್ಕರೆ ನಗಲಿ, ಅವರು ಮಾಡುವುದು ಸರಿಯಾಗಿಯೇ ಇದೆ. ಬಟ್ಟೆಗೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಯಾವುದು ತಿರುಗಿ ಬರುತ್ತದೋ ಅದೇ ನಮಗೆ ಬಣ್ಣವಾಗಿ ಕಾಣುತ್ತದೆ. ಬೆಳಕು ಬದಲಾದರೆ ಬಣ್ಣವೂ ಬದಲು. ಸಾವಿರ ವರ್ಷಗಳ ಹಿಂದೆಯೇ ಇಬ್ನುಲ್ ಹೈಸಮ್ ಎಂಬ ವಿದ್ವಾಂಸರು ‘ಕಿತಾಬುಲ್ ಮನಾಝಿರ್’ ಎಂಬ ಗ್ರಂಥದಲ್ಲಿ ಇದನ್ನು ಪ್ರಯೋಗಗಳ ಮೂಲಕ ವಿವರಿಸಿದ್ದರು.

ಆದರೆ ಇಂದು ಅಂಗಡಿಯೇ ಮನೆಯೊಳಕ್ಕೆ ಬಂದುಬಿಟ್ಟಿದೆ. ಸಿಂಧನೂರು ತಾಲೂಕಿನ ನಮ್ಮ ಸಾಲಗುಂದದಂತಹ ಊರಿನಲ್ಲೂ ಮಕ್ಕಳ ಓದಿಗೆಂದು ಕಂಪ್ಯೂಟರ್ ತರುತ್ತಾರೆ. ಹೊಲಿಗೆ ಮಾಡುವ ತಾಯಿ ಅದೇ ಪರದೆಯಲ್ಲಿ ಬಟ್ಟೆ, ಲೇಸು, ದುಪಟ್ಟಾ ನೋಡಿ ಆರ್ಡರ್ ಮಾಡುತ್ತಾಳೆ. ಪರದೆಯನ್ನು ಬಿಸಿಲಿಗೆ ಹಿಡಿದು ನೋಡಲು ಬರುತ್ತದೆಯೇ?

ನನಗೆ ಪರಿಚಯದ ಸಹೋದರಿಯೊಬ್ಬರು ಮನೆಯಲ್ಲೇ ಹೊಲಿಗೆ ಮಾಡಿ ಸಂಸಾರ ತೂಗಿಸುವವರು. ಮದುಮಗಳ ಮೆರೂನ್ ಜೋಡಿಗೆ ಹೊಂದುವ ದುಪಟ್ಟಾವನ್ನು ಹೊಸ ಮಾನಿಟರಿನಲ್ಲಿ ಚಿತ್ರ ನೋಡಿ ತರಿಸಿದರು. ಬಂದದ್ದು ಇಟ್ಟಿಗೆ ಬಣ್ಣ! ನಿಕಾಹ್‌ಗೆ ಉಳಿದಿದ್ದದ್ದು ಎರಡೇ ದಿನ. ಕೊನೆಗೆ ಪೇಟೆಗೆ ಓಡಿ ಬೇರೆ ದುಪಟ್ಟಾ ತಂದು ಕೆಲಸ ಮುಗಿಸಿದರು, ಆದರೆ ಆ ಜೋಡಿಯ ಹೊಲಿಗೆ ಕೂಲಿ ಅದರಲ್ಲೇ ಹೋಯಿತು. “ಆಪಾ, ಮಾರಿದವನು ಮೋಸ ಮಾಡಿದ” ಎಂದು ಮನೆಯವರೆಲ್ಲ ಅವರಿಗೆ ಹೇಳಿದರು. ನಾನು ಹೋಗಿ ನೋಡಿದಾಗ ಮಾನಿಟರ್ ‘ವಿವಿಡ್’ ಎಂಬ ಮೋಡ್‌ನಲ್ಲಿತ್ತು. ಆ ಪರದೆಯಲ್ಲಿ ಹುಡುಗರ ಮುಖವೂ ಮೆಹಂದಿ ಹಚ್ಚಿದಂತೆ ಕಾಣುತ್ತಿತ್ತು.

ಅಂಗಡಿಯ ಸಾಲಿನಲ್ಲಿ ಇಟ್ಟಾಗ ಪಕ್ಕದ ಮಾನಿಟರಿಗಿಂತ ತನ್ನದು ಕಣ್ಣಿಗೆ ಹೊಡೆಯಬೇಕು ಎಂಬ ಉದ್ದೇಶದಿಂದ ಹಲವು ಮಾನಿಟರುಗಳು ಅತಿ ಪ್ರಕಾಶ, ಅತಿ ರಂಗಿನಲ್ಲೇ ಪೆಟ್ಟಿಗೆಯಿಂದ ಹೊರಬರುತ್ತವೆ. ಪರದೆಯ ಪ್ರತಿಯೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿಟಕಿಗಳಿವೆ. ಒಂದೊಂದನ್ನು 256 ಹಂತಗಳಲ್ಲಿ ತೆರೆಯಬಹುದು, ಹಾಗಾಗಿ ಒಟ್ಟು 1.67 ಕೋಟಿಗೂ ಮಿಕ್ಕ ಬಣ್ಣಗಳು. ಅಗ್ಗದ ಕೆಲವು ಪರದೆಗಳಲ್ಲಿ ನಿಜವಾಗಿ ಇರುವುದು 64 ಹಂತ ಮಾತ್ರ, ಉಳಿದುದನ್ನು ಚುಕ್ಕಿಗಳನ್ನು ಬೇಗ ಬೇಗ ಬದಲಿಸಿ ತೋರಿಸುತ್ತವೆ. ಇಷ್ಟು ಬಣ್ಣಗಳಲ್ಲಿ ಎಲ್ಲರ ಕೆಂಪೂ ಒಂದೇ ಆಗಲೆಂದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ‘ಎಸ್‌ಆರ್‌ಜಿಬಿ’ ಎಂಬ ಅಳತೆಗೋಲು ರೂಪಿಸಿದವು. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಇಂಟರ್‌ನೆಟ್ಟಿನ ಬಹುಪಾಲು ಚಿತ್ರಗಳು ಇದೇ ಅಳತೆಗೆ ತಯಾರಾದವು. ನಿಮ್ಮ ಪರದೆ ಬೇರೆ ಅಳತೆಯಲ್ಲಿ ಕುಳಿತಿದ್ದರೆ ಮಾರುವವನು ಪ್ರಾಮಾಣಿಕನಾಗಿದ್ದರೂ ಮೆರೂನ್ ಇಟ್ಟಿಗೆಯಾಗುತ್ತದೆ.

ಸರಿಪಡಿಸುವುದು ಕಷ್ಟವೇನಲ್ಲ. ಅರ್ಧ ತಾಸು ಬೇಕು, ಹತ್ತಿರ ಒಂದು ಬಿಳಿ ಹಾಳೆ ಇರಬೇಕು. ಮೊದಲು ಮಾನಿಟರನ್ನು ಕಿಟಕಿಗೆ ಎದುರಾಗಿಯೂ ಅಲ್ಲ, ಬೆನ್ನಾಗಿಯೂ ಅಲ್ಲ, ಪಕ್ಕಕ್ಕೆ ಬರುವಂತೆ ಇಡಿ. ನಮ್ಮ ಕಡೆಯ ಬಿಸಿಲು ನೇರ ಬಿದ್ದರೆ ಎಂತಹ ಪರದೆಯೂ ಮಂಕು. ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡಿ. ನಂತರ ಮಾನಿಟರಿನ ಕೆಳಗೋ ಹಿಂದೆಯೋ ಇರುವ ಬಟನ್ ಒತ್ತಿದರೆ ಮೆನು ಬರುತ್ತದೆ. ಅದರಲ್ಲಿ ‘ಪಿಕ್ಚರ್ ಮೋಡ್’ ಹುಡುಕಿ ‘ಎಸ್‌ಆರ್‌ಜಿಬಿ’ ಇದ್ದರೆ ಅದನ್ನು, ಇಲ್ಲದಿದ್ದರೆ ‘ಸ್ಟ್ಯಾಂಡರ್ಡ್’ ಆರಿಸಿ. ಗೇಮ್, ಮೂವಿ, ವಿವಿಡ್ ಇವೆಲ್ಲ ಬೇಡ. ‘ಡೈನಾಮಿಕ್ ಕಾಂಟ್ರಾಸ್ಟ್’ ಚಾಲೂ ಇದ್ದರೆ ಬಂದ್ ಮಾಡಿ, ಅದು ಚಿತ್ರ ಬದಲಾದಂತೆ ತಾನೇ ಬೆಳಕು ಏರಿಳಿಸುತ್ತದೆ.

ಈಗ ಹಾಳೆಯ ಕೆಲಸ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು ಪಕ್ಕದಲ್ಲಿ ಹಾಳೆ ಹಿಡಿಯಿರಿ. ಪರದೆ ದೀಪದಂತೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ, ಹಾಳೆಗೂ ಪರದೆಗೂ ಹೆಚ್ಚು ವ್ಯತ್ಯಾಸ ಕಾಣದಷ್ಟು. ಮೊದಲೆರಡು ದಿನ ‘ಮಬ್ಬಾಯಿತು’ ಎಂದು ಮಕ್ಕಳು ದೂರುತ್ತಾರೆ, ಆಮೇಲೆ ಒಗ್ಗುತ್ತದೆ. ಕಾಂಟ್ರಾಸ್ಟ್ ಕಂಪನಿ ಇಟ್ಟಲ್ಲೇ ಇರಲಿ. ಅದನ್ನು ಹೆಚ್ಚಿಸಿದರೆ ಬಿಳಿ ಬಟ್ಟೆಯ ನೆರಿಗೆ, ಬಿಳಿ ದಾರದ ಕಸೂತಿ ಎಲ್ಲ ಮಾಯವಾಗುತ್ತವೆ.

‘ಕಲರ್ ಟೆಂಪರೇಚರ್’ ಎಂಬಲ್ಲಿ ಹಲವರಿಗೆ ಗೊಂದಲ. ಇಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಬಣ್ಣ ನೀಲಿಗೆ ತಿರುಗುತ್ತದೆ, ಕಡಿಮೆಯಾದಷ್ಟೂ ಹಳದಿ-ಕೆಂಪಿಗೆ. ಕಮ್ಮಾರನ ಕುಲುಮೆಯ ಕಬ್ಬಿಣ ಮೊದಲು ಕೆಂಪಾಗಿ, ಇನ್ನೂ ಕಾದಂತೆ ಬೆಳ್ಳಗಾಗುವುದಿಲ್ಲವೇ? ಅದೇ ಲೆಕ್ಕ. ಹಳೆಯ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್, ಹಗಲು ಬೆಳಕಿಗೆ ಎಸ್‌ಆರ್‌ಜಿಬಿ ಒಪ್ಪಿಕೊಂಡಿರುವುದು 6,500. ಮೆನುವಿನಲ್ಲಿ 6500 ಎಂದಿದ್ದರೆ ಅದನ್ನೇ ಇಡಿ. ‘ಕೂಲ್’, ‘ನಾರ್ಮಲ್’, ‘ವಾರ್ಮ್’ ಎಂದಷ್ಟೇ ಇದ್ದರೆ, ಹಗಲು ಬೆಳಕಿನಲ್ಲಿ ಹಿಡಿದ ಹಾಳೆಗೆ ಯಾವುದು ಹತ್ತಿರವೋ ಅದು.

ಕಂಪ್ಯೂಟರಿನೊಳಗೂ ಒಂದು ಸಲಕರಣೆ ಇದೆ. ವಿಂಡೋಸ್‌ನ ಹುಡುಕುವ ಜಾಗದಲ್ಲಿ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಎಂದು ಬರೆದರೆ ತೆರೆದುಕೊಳ್ಳುತ್ತದೆ. ಅದರಲ್ಲಿ ಮುಖ್ಯವಾದದ್ದು ಬೂದು ಪಟ್ಟಿಗಳ ಪುಟ. ಬೂದು ಬಣ್ಣದಲ್ಲಿ ಕೆಂಪು, ಹಸಿರು ಅಥವಾ ನೀಲಿಯ ಛಾಯೆ ಕಂಡರೆ ಅದರ ಗುಂಡಿಯನ್ನು ಸ್ವಲ್ಪ ಇಳಿಸಿ. ಬೂದು ಶುದ್ಧವಾದರೆ ಉಳಿದ ಬಣ್ಣಗಳೂ ದಾರಿಗೆ ಬರುತ್ತವೆ. ಕಪ್ಪು ಬುರ್ಖಾ ಪರದೆಯಲ್ಲಿ ಮಾಸಿದ ಬೂದಿಯಂತೆ ಕಾಣುತ್ತಿದ್ದರೆ ಮಾತ್ರ ದೋಷ ಬೇರೆ ಕಡೆ ಇರಬಹುದು. ಎಚ್‌ಡಿಎಂಐ ಕೇಬಲಿನಲ್ಲಿ ಸಂಪರ್ಕಿಸಿದಾಗ ಕಂಪ್ಯೂಟರ್ ಕೆಲವೊಮ್ಮೆ ಟಿವಿ ಎಂದು ಭಾವಿಸಿ ‘ಲಿಮಿಟೆಡ್’ ಬಣ್ಣ ಕಳಿಸುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಅದನ್ನು ‘ಫುಲ್’ ಮಾಡಬೇಕು.

ಮಗ್‌ರಿಬ್ ನಂತರ ಮಕ್ಕಳು ಓದಲು ಕೂತಾಗ ‘ನೈಟ್ ಲೈಟ್’ ಹಾಕುವುದು ಒಳ್ಳೆಯದು, ರಾತ್ರಿಯ ನೀಲಿ ಬೆಳಕು ನಿದ್ದೆಯನ್ನು ಹಿಂದೂಡುತ್ತದೆ. ಆದರೆ ಅದು ಚಾಲೂ ಇರುವಾಗ ಬಟ್ಟೆ ಆರಿಸಬೇಡಿ, ಪರದೆಯೆಲ್ಲ ಅರಿಶಿನ ನೀರಿನಲ್ಲಿ ಅದ್ದಿದಂತಿರುತ್ತದೆ.

ಇಷ್ಟೆಲ್ಲ ಮಾಡಿದರೂ ಪರದೆಗೆ ತೋರಿಸಲಾಗದ ಬಣ್ಣಗಳಿವೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ನೋಡಿ. ಅದರ ನವಿಲು ಹಸಿರಿನ ಗಾಢತೆ ಎಸ್‌ಆರ್‌ಜಿಬಿಗೆ ಸುಲಭವಾಗಿ ಸಿಗುವಂಥದ್ದಲ್ಲ. ರೇಷ್ಮೆಯ ಮಿನುಗು, ಜರಿಯ ಹೊಳಪು ನೋಡುವ ಕೋನಕ್ಕೆ ತಕ್ಕಂತೆ ಬದಲಾಗುವಂಥವು, ಒಂದು ಚಿತ್ರದಲ್ಲಿ ಅವು ಹೇಗೆ ಬಂದಾವು? ಹೊಂದಿಕೆಯ ಕೆಲಸವಿದ್ದರೆ ಚಿಕ್ಕ ತುಂಡು ತರಿಸಿ ನೋಡುವುದೇ ಜಾಣತನ. ಮುದ್ರಣಾಲಯದವರು ಪರದೆಗೆ ಅಂಟಿಸಿ ಬಣ್ಣ ಅಳೆಯುವ ಉಪಕರಣ ಬಳಸುತ್ತಾರೆ. ಮನೆಗೆ ಅಷ್ಟು ಖರ್ಚು ಬೇಡ.

ಇನ್ನೊಂದು ಮಾತು, ನಾನು ಶಿಕ್ಷಕನಾದ್ದರಿಂದ ಹೇಳುತ್ತಿದ್ದೇನೆ. ಪರದೆ ಸರಿಯಾದ ಮೇಲೂ ಮನೆಯಲ್ಲಿ ಒಬ್ಬ ಹುಡುಗ ಮಾತ್ರ “ಅಮ್ಮಿ, ಇದು ಹಸಿರಲ್ಲ, ಕಂದು” ಎಂದು ವಾದಿಸುತ್ತಿದ್ದರೆ ಬೈಯಬೇಡಿ. ಕೆಂಪು-ಹಸಿರು ಗುರುತಿಸಲು ಕಷ್ಟಪಡುವ ಬಣ್ಣಗುರುಡು ಹುಟ್ಟಿನಿಂದಲೇ ಬರುತ್ತದೆ, ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ. ತರಗತಿಯಲ್ಲಿ ಎಲೆಗೆ ಕಂದು ಬಳಿಯುವ ಹುಡುಗ ದಡ್ಡನೂ ಅಲ್ಲ, ಹಠಮಾರಿಯೂ ಅಲ್ಲ. ಜಪಾನಿನ ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕಿಗಳ ಪುಸ್ತಕದಿಂದ ಕಣ್ಣಿನ ವೈದ್ಯರು ಕೆಲವೇ ನಿಮಿಷಗಳಲ್ಲಿ ಇದನ್ನು ಪತ್ತೆ ಹಚ್ಚುತ್ತಾರೆ. ಬೇಗ ಗೊತ್ತಾದರೆ ಒಳ್ಳೆಯದು, ಏಕೆಂದರೆ ರೈಲು ಚಾಲಕನಂತಹ ಕೆಲವು ಹುದ್ದೆಗಳಿಗೆ ಬಣ್ಣದ ದೃಷ್ಟಿ ಕಡ್ಡಾಯ. ವಾಹನ ಚಾಲನೆಯ ಪರವಾನಗಿಗೆ ಮಾತ್ರ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದವರಿಗೂ ಅವಕಾಶ ಕೊಟ್ಟಿತು. ಅಂತಹ ಮಗುವಿಗಾಗಿ ವಿಂಡೋಸ್‌ನಲ್ಲಿ ‘ಕಲರ್ ಫಿಲ್ಟರ್ಸ್’ ಎಂಬ ಸೌಲಭ್ಯವಿದೆ. ಅದನ್ನು ಹಾಕಿದರೆ ನಕಾಶೆಯ ಕೆಂಪು-ಹಸಿರು ಗೆರೆಗಳು ಅವನಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ಅವನ ಓದು ಮುಗಿದ ಮೇಲೆ ನೀವು ಬಟ್ಟೆ ನೋಡಲು ಕೂರುವ ಮುನ್ನ ಅದನ್ನು ತೆಗೆದರಾಯಿತು.