ಎರಡು ಯಾನಗಳ ನಡುವಣ ಹಗಲು

ಸಮುದ್ರಯಾನವೆಂಬುದು ಹಿಂದೆ ನಮ್ಮವರಿಗೆ ವಿಹಾರದ ವಿಷಯವಾಗಿರಲಿಲ್ಲ, ಹೊಟ್ಟೆಪಾಡಿನ ವಿಷಯವಾಗಿತ್ತು. ಕೊಂಕಣ ರೈಲುಮಾರ್ಗವು 1998ರಲ್ಲಿ ಸಂಪೂರ್ಣವಾಗಿ ತೆರೆಯುವುದಕ್ಕೆ ಬಹುಕಾಲ ಮುಂಚೆ ಕರಾವಳಿಯ ಎಷ್ಟೋ ಕನ್ನಡಿಗರು ಉಗಿಹಡಗನ್ನೇರಿ ಮುಂಬಯಿಯ ಧಕ್ಕೆಯಲ್ಲಿ ಬಂದಿಳಿದರು. ಇಂದು ಅವರ ಮೊಮ್ಮಕ್ಕಳು ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಗಾಡಿ ಹಿಡಿದು, ಬೋರಿಬಂದರದಲ್ಲಿಳಿದು, ಬ್ಯಾಲಾರ್ಡ್ ಪಿಯರ್‌ಗೆ ಹೋಗಿ, ವಿರಾಮಕ್ಕೆಂದು ಹಡಗನ್ನೇರುತ್ತಾರೆ. 2021ರ ಸೆಪ್ಟೆಂಬರ್ ತಿಂಗಳಿನಲ್ಲಿ ‘ಎಂಪ್ರೆಸ್’ ಎಂಬ ವಿಹಾರನೌಕೆಯು ಮುಂಬಯಿಯಿಂದ ಗೋವೆ, ಲಕ್ಷದ್ವೀಪಗಳ ಕಡೆಗೆ ಯಾನ ಆರಂಭಿಸಿದ ಮೇಲೆ ಈ ಅಭಿರುಚಿ ಮಧ್ಯಮವರ್ಗದ ಮನೆಗಳನ್ನೂ ಹೊಕ್ಕಿದೆ. ನಮ್ಮ ಕಲ್ಯಾಣವೇ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ನಾವಿಕರು ಬಲ್ಲ ಬಂದರಾಗಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಕೆಲವರು ಒಂದೇ ಹಡಗಿನಲ್ಲಿ ಎರಡು ಯಾನಗಳನ್ನು ಒಂದರ ಬೆನ್ನಿಗೆ ಒಂದರಂತೆ ಕೈಗೊಳ್ಳುವುದುಂಟು. ಮೊದಲಿನ ಯಾನ ಮುಗಿದು ಎರಡನೆಯದು ತೊಡಗುವ ಆ ನಡುವಣ ಹಗಲು, ಆರೋಗ್ಯದ ದೃಷ್ಟಿಯಿಂದ ಇಡೀ ಪ್ರವಾಸದಲ್ಲಿಯೇ ಅತ್ಯಂತ ಮಹತ್ವದ್ದು. ಅದನ್ನು ಕುರಿತು ವಾಚಕರ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಆ ದಿನದ ಕಾರ್ಯಕ್ರಮ

ಬೆಳಗಿನ ಮುಹೂರ್ತದ ಮದುವೆ ಮುಗಿದು ಸಂಜೆಗೆ ಬೇರೊಬ್ಬರ ಆರತಕ್ಷತೆಗೆ ಸಿದ್ಧವಾಗಬೇಕಾದ ಕಲ್ಯಾಣಮಂಟಪವನ್ನು ಎಲ್ಲರೂ ಕಂಡಿದ್ದೇವೆ. ಹಡಗಿನ ಸ್ಥಿತಿಯೂ ಅದೇ. ಮುಂಜಾನೆ ಹಡಗು ಬಂದರನ್ನು ಸೇರುತ್ತದೆ. ಹಿಂದಿನ ರಾತ್ರಿಯೇ ಕೋಣೆಗಳ ಹೊರಗಿಟ್ಟ ಪೆಟ್ಟಿಗೆಗಳು ಮೊದಲು ಇಳಿಯುತ್ತವೆ. ಅವುಗಳ ಹಿಂದೆ ಪ್ರಯಾಣಿಕರು. ಬಳಿಕ ಹಾಸಿಗೆ ವಸ್ತ್ರಗಳು ಗಂಟುಗಂಟಾಗಿ ಒಗೆಯುವ ಕೋಣೆಗೆ ಸಾಗುತ್ತವೆ. ಕಸ ಕೆಳಗಿಳಿಯುತ್ತದೆ, ತರಕಾರಿ, ಹಾಲು, ಅಕ್ಕಿಬೇಳೆಗಳು ಮೇಲೇರುತ್ತವೆ, ಇಂಧನ ತುಂಬುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರಯಾಣಿಕರು ಹತ್ತತೊಡಗುತ್ತಾರೆ. ಸಂಜೆ ಹಡಗು ಮತ್ತೆ ಹೊರಡುತ್ತದೆ.

ಮುಂದಿನ ಯಾನಕ್ಕೂ ಉಳಿಯುವವರು ಹಳೆಯ ಚೀಟಿಯನ್ನು ಒಪ್ಪಿಸಿ ಹೊಸದನ್ನು ಪಡೆಯಬೇಕಾಗುತ್ತದೆ. ಕೆಲವು ದೇಶಗಳ ಬಂದರುಗಳಲ್ಲಿ ಅವರೂ ಒಮ್ಮೆ ಕೆಳಗಿಳಿದು, ತಪಾಸಣೆ ಮುಗಿಸಿ, ಮತ್ತೆ ಹತ್ತಬೇಕು. ಆಪತ್ಕಾಲದ ಕವಾಯತಿನಲ್ಲಿ ಪುನಃ ಭಾಗವಹಿಸಬೇಕೆಂದಾಗ ಅನೇಕರು ಬೇಸರಪಡುತ್ತಾರೆ. ಆದರೆ 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತಾಗ, ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಕವಾಯತು ಆಗಿರಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆ ಅದು ನಡೆಯಲೇಬೇಕೆಂಬ ಅಂತರರಾಷ್ಟ್ರೀಯ ನಿಯಮವು 2015ರ ಜನವರಿ 1ರಿಂದ ಜಾರಿಗೆ ಬಂದಿತು.

ಅಂತಿಮ ಶಿಲ್ಕು, ಆರಂಭ ಶಿಲ್ಕು

ಬ್ಯಾಂಕಿನಲ್ಲಿ ಕೆಲಸಮಾಡುವ ನಮಗೆ ಒಂದು ಸೂತ್ರ ಬಾಯಿಪಾಠವಾಗಿದೆ: ಇಂದಿನ ಅಂತಿಮ ಶಿಲ್ಕೇ ನಾಳಿನ ಆರಂಭ ಶಿಲ್ಕು. ಪುಸ್ತಕದ ಹಾಳೆ ತಿರುವಿದ ಮಾತ್ರಕ್ಕೆ ಬಾಕಿ ಅಳಿಯದು. ರೋಗದ ಲೆಕ್ಕವೂ ಹೀಗೆಯೇ. ಪ್ರಯಾಣಿಕರು ಬದಲಾದರೂ ಹಡಗು ಅದೇ, ಬಡಿಸುವ ಕೈಗಳು ಅವೇ.

ಹಿಂದಿನವರು ಈ ಅಪಾಯವನ್ನು ಚೆನ್ನಾಗಿ ಅರಿತಿದ್ದರು. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ ನಗರವು ಪ್ಲೇಗಿನ ಊರುಗಳಿಂದ ಬಂದವರನ್ನು 30 ದಿನ ಹೊರಗಿರಿಸಿತು. ಮುಂದೆ ಆ ಅವಧಿ 40 ದಿನಗಳಾಯಿತು. ನಲವತ್ತು ಎಂಬರ್ಥದ ಇಟಾಲಿಯನ್ ಪದದಿಂದಲೇ ‘ಕ್ವಾರಂಟೈನ್’ ಶಬ್ದ ಹುಟ್ಟಿತು. ಅಂದು ನಲವತ್ತು ದಿನ ಕಾಯುತ್ತಿದ್ದ ಹಡಗು ಇಂದು ಒಂದೇ ಹಗಲಿನಲ್ಲಿ ಮರಳಿ ಹೊರಡುತ್ತದೆ.

ಇದರ ಪರಿಣಾಮಕ್ಕೆ ‘ಗ್ರ್ಯಾಂಡ್ ಪ್ರಿನ್ಸೆಸ್’ ಹಡಗಿನ ವೃತ್ತಾಂತವೇ ಸಾಕ್ಷಿ. ಅದು 2020ರ ಫೆಬ್ರವರಿ 11ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಮೆಕ್ಸಿಕೋಗೆ ಹೊರಟು 21ರಂದು ಹಿಂತಿರುಗಿತು. ಅಂದೇ ಎರಡನೆಯ ಯಾನಕ್ಕೆ ಹೊರಟಿತು. ಮೊದಲ ಯಾನದ 68 ಪ್ರಯಾಣಿಕರೂ 1,111 ಸಿಬ್ಬಂದಿಯಲ್ಲಿ ಬಹುತೇಕ ಎಲ್ಲರೂ ಅದರಲ್ಲಿಯೇ ಉಳಿದರು. ಮೊದಲ ಯಾನದಲ್ಲಿದ್ದು ಮನೆಗೆ ಮರಳಿದವರಲ್ಲಿ ಕೋವಿಡ್ ಕಂಡುಬಂದಿತೆಂಬ ಸುದ್ದಿ ಹೊರಬಿದ್ದದ್ದು ಮಾರ್ಚ್ ಮೊದಲ ವಾರದಲ್ಲಿ. ಆಗ ಎರಡನೆಯ ಯಾನದ ಜನರೆಲ್ಲ ನಡುಗಡಲಿನಲ್ಲಿದ್ದರು. ಮಾರ್ಚ್ 5ರಂದು ಹೆಲಿಕಾಪ್ಟರಿನಲ್ಲಿ ಹೋದ ತಂಡವು ಹಡಗಿನ 45 ಜನರನ್ನು ಪರೀಕ್ಷಿಸಿದಾಗ 21 ಜನರಲ್ಲಿ ಸೋಂಕು ದೃಢಪಟ್ಟಿತು. ಅವರಲ್ಲಿ ಪ್ರಯಾಣಿಕರು ಇಬ್ಬರೇ. ಉಳಿದ 19 ಜನ ಸಿಬ್ಬಂದಿ. ಬಾಕಿಯನ್ನು ಒಂದು ಯಾನದಿಂದ ಇನ್ನೊಂದಕ್ಕೆ ಹೊತ್ತು ತರಬಲ್ಲವರು ಯಾರೆಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ವಾಂತಿಭೇದಿಯ ಕಾಟ

ಕೋವಿಡ್ ಅಪರೂಪದ ವಿಪತ್ತು. ಹಡಗುಗಳ ನಿತ್ಯದ ಶತ್ರುವೆಂದರೆ ವಾಂತಿಭೇದಿಯನ್ನುಂಟುಮಾಡುವ ನೊರೋವೈರಸ್. ಇದು ದೇಹವನ್ನು ಹೊಕ್ಕ 12ರಿಂದ 48 ಗಂಟೆಗಳೊಳಗೆ ರೋಗ ಕಾಣಿಸಿಕೊಳ್ಳುತ್ತದೆ. ರೋಗಿ ಗುಣಮುಖನಾದ ಮೇಲೂ ಎರಡು ವಾರ ಅಥವಾ ಹೆಚ್ಚು ಕಾಲ ಅವನಿಂದ ಅದು ಹರಡಬಲ್ಲದು. ಮೆಟ್ಟಿಲ ಕಂಬಿ, ಬಾಗಿಲ ಹಿಡಿ, ಬಡಿಸುವ ಸೌಟು, ಇವೇ ಅದರ ವಾಹನಗಳು. ಕೈಗೆ ಹಚ್ಚುವ ಮದ್ಯಸಾರದ ದ್ರವಕ್ಕೆ ಇದು ಸುಲಭವಾಗಿ ಬಗ್ಗುವುದಿಲ್ಲ. ಸಾಬೂನು ಮತ್ತು ಹರಿಯುವ ನೀರೇ ಇದಕ್ಕೆ ಮದ್ದು. ಆದುದರಿಂದಲೇ ನಡುವಣ ಹಗಲಿನಲ್ಲಿ ಕ್ಲೋರಿನ್ ದ್ರಾವಣ ಹಿಡಿದ ಸಿಬ್ಬಂದಿ ಕಂಬಿಕಂಬಿಯನ್ನೂ ಒರೆಸುತ್ತಾರೆ.

ಅಮೆರಿಕದಲ್ಲಿ 1975ರಿಂದ ಹಡಗುಗಳ ನೈರ್ಮಲ್ಯ ತಪಾಸಣೆಯ ಕಾರ್ಯಕ್ರಮವೊಂದು ನಡೆದುಬಂದಿದೆ. 100 ಅಂಕಗಳಲ್ಲಿ 86 ದೊರೆತರೆ ಮಾತ್ರ ಹಡಗು ಉತ್ತೀರ್ಣ. ಅಲ್ಲಿಯ ನಿಯಮದಂತೆ ಕುಡಿಯುವ ನೀರನ್ನು ತುಂಬುವಾಗ ಪ್ರತಿ ಲೀಟರಿಗೆ ಕನಿಷ್ಠ 2 ಮಿಲಿಗ್ರಾಂ ಕ್ಲೋರಿನ್ ಇರಬೇಕು. ನೀರು ಕೊನೆಯ ನಲ್ಲಿಯನ್ನು ಮುಟ್ಟುವಾಗ 0.2ಕ್ಕೆ ಕಡಿಮೆಯಾಗಕೂಡದು. ತಣ್ಣಗಿನ ಆಹಾರ 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ, ಬಿಸಿ ಆಹಾರ 57 ಡಿಗ್ರಿಗಿಂತ ಮೇಲೆ ಇರಬೇಕು. ನಮ್ಮ ಹೌಸಿಂಗ್ ಸೊಸೈಟಿಗಳ ಮೇಲ್ತೊಟ್ಟಿಗಳಿಗೂ ಗಣೇಶೋತ್ಸವದ ಅಡುಗೆಗೂ ಯಾರಾದರೂ ಇಂಥ ಅಂಕ ಕೊಡತೊಡಗಿದರೆ ಉತ್ತೀರ್ಣರಾಗುವವರೆಷ್ಟು ಮಂದಿ?

ದುಡಿಯುವ ಕೈಗಳು

ನೆರೂಳಿನಲ್ಲಿ ಖಾಡಿಯ ಬದಿಗೆ ‘ಚಾಣಕ್ಯ’ ನೌಕಾ ತರಬೇತಿ ಸಂಸ್ಥೆಯಿದೆ. ಖಾರ್‌ಘರ್, ಬೇಲಾಪುರಗಳಲ್ಲಿ ಕಡಲನೌಕರರ ಕುಟುಂಬಗಳಿವೆ. ಮಂಗಳೂರು, ಉಡುಪಿಗಳ ತರುಣರೂ ವಿಹಾರನೌಕೆಗಳ ಅಡುಗೆಮನೆ, ಊಟದ ಮನೆಗಳಲ್ಲಿ ದುಡಿಯುತ್ತಾರೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ದಿಗ್ಬಂಧನಕ್ಕೊಳಗಾದಾಗ ಅದರಲ್ಲಿದ್ದ 138 ಭಾರತೀಯರ ಪೈಕಿ 132 ಜನ ಸಿಬ್ಬಂದಿಯವರೇ. ಪ್ರಯಾಣಿಕರು ಕೋಣೆಯಲ್ಲಿ ಕುಳಿತಿದ್ದರೆ, ಇವರು ಬಾಗಿಲು ಬಾಗಿಲಿಗೆ ಊಟ ಹಂಚುತ್ತಿದ್ದರು.

ಭಾರತವು 2015ರಲ್ಲಿ ಅಂಗೀಕರಿಸಿದ ಕಡಲಕಾರ್ಮಿಕರ ಒಪ್ಪಂದದಂತೆ ಅವರಿಗೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ದೊರೆಯಬೇಕು. ನಡುವಣ ಹಗಲು ಈ ನಿಯಮದ ಕಠಿಣ ಪರೀಕ್ಷೆಯ ದಿನ. ದಣಿದ ಕೈ ಕಂಬಿ ಒರೆಸುವುದನ್ನು ಮರೆತೀತು. ಜ್ವರ ಬಂದವನು ಸಂಬಳದ ಭಯದಿಂದ ಅದನ್ನು ಬಚ್ಚಿಟ್ಟಾನು. ಸಿಬ್ಬಂದಿಯ ಆರೋಗ್ಯವನ್ನು ಕಾಪಾಡದೆ ಪ್ರಯಾಣಿಕರ ಆರೋಗ್ಯವನ್ನು ಕಾಪಾಡಲಾಗದು.

ಪ್ರಯಾಣಿಕರಿಗೆ ಕೆಲವು ಸೂಚನೆಗಳು

1. ಊಟಕ್ಕೆ ಮುಂಚೆಯೂ ಶೌಚದ ನಂತರವೂ ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಿರಿ.

2. ವಾಂತಿ, ಭೇದಿ, ಜ್ವರ ಕಂಡೊಡನೆ ಹಡಗಿನ ವೈದ್ಯರಿಗೆ ತಿಳಿಸಿರಿ. ವಿಹಾರ ಕೆಡುವುದೆಂದು ಮುಚ್ಚಿಟ್ಟರೆ ನೂರಾರು ಜನರ ವಿಹಾರ ಕೆಡುತ್ತದೆ.

3. ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನು ಎರಡೂ ಯಾನಗಳಿಗೆ ಸಾಕಾಗಿ ಕೆಲದಿನ ಮಿಗುವಷ್ಟು ಕೈಚೀಲದಲ್ಲಿಡಿರಿ. ನಡುವಣ ದಿನ ಅವುಗಳನ್ನು ಎಣಿಸಿ ನೋಡಿರಿ. ಕೊರತೆಯಿದ್ದರೆ ಔಷಧದಂಗಡಿ ದೊರೆಯುವುದು ಅಂದೇ.

4. ಹಡಗು ಖಾಲಿಯಿರುವ ಆ ಕೆಲವು ಗಂಟೆಗಳಲ್ಲಿ ನಿಧಾನವಾಗಿ ನಡೆದಾಡಿ, ಮಿತವಾಗಿ ಉಂಡು, ವಿಶ್ರಮಿಸಿರಿ.

5. ಕೋಣೆ ಶುಚಿಮಾಡುವವನಿಗೆ ಅಂದು ಹೆಚ್ಚಿನ ಕೆಲಸ ಹಚ್ಚದಿರಿ.

ಸಂಜೆ ಹೊಸಬರು ಹತ್ತುವಾಗ ಹಡಗು ಅವರಿಗೆ ಹೊಚ್ಚಹೊಸದಾಗಿ ಕಾಣುತ್ತದೆ. ಆ ಹೊಸತನವು ನೋಟಕ್ಕೆ ಮಾತ್ರವೋ ನಿಜವೋ ಎಂಬುದು ಸಿಬ್ಬಂದಿಯ ಶ್ರಮ, ಅಧಿಕಾರಿಗಳ ಎಚ್ಚರ ಮತ್ತು ಪ್ರಯಾಣಿಕರ ಪ್ರಾಮಾಣಿಕತೆ, ಈ ಮೂರನ್ನೂ ಅವಲಂಬಿಸಿದೆ. ಮೊದಲಿನ ಎರಡು ಅನ್ಯರ ಕೈಯಲ್ಲಿವೆ. ಮೂರನೆಯದು ನಮ್ಮ ಕೈಯಲ್ಲಿಯೇ ಇದೆ.